ತುಳಿದ ದೂರ

ನಮ್ಮ ಬಾವನಿಗೆ ಸೈಕಲ್ ಹೊಡೆಯಲು ಬರುವುದಿಲ್ಲ. ಈ ಸಂಗತಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಾವ ಇದನ್ನು ಮೊದಲೇ ಹೇಳಿದ್ದರೆ, ಪರದೇಶದ ಬಸ್ ನಿಲ್ದಾಣದಲ್ಲಿ ನಾವು ಮೂವರು ಕೂತು ಒಂದು ಸೈಕಲ್ಲಿಗೆ ಹೊಸ ಬೆಡ್‌ಶೀಟು ಹೊದಿಸುವ ಪ್ರಸಂಗವೇ ಬರುತ್ತಿರಲಿಲ್ಲ.

ಬಾವ ಅಂದರೆ ನನ್ನ ಅಕ್ಕನ ಗಂಡ. ಪಾರ್ಸೆಲ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಗುಮಾಸ್ತಗಿರಿ. ಕಿಟಕಿಯ ಆಚೆ ಜನ, ಈಚೆ ಬಾವ, ನಡುವೆ ಮೂರು ಪ್ರತಿಯ ಅರ್ಜಿ. ಮೂರನೆಯ ಪ್ರತಿ ಮಸುಕಾಗಿ ಬಂದಿದ್ದರೆ ಮೊದಲಿನಿಂದ ಬರೆಯಬೇಕು. ಊರಿನವರು ಅವರ ಹೆಸರನ್ನೇ ಮರೆತು 'ಮೂರ್ ಪ್ರತಿ' ಎಂದು ಕರೆಯುತ್ತಾರೆ. ಅವರ ಸ್ವಂತ ತಾಯಿ ಮೊಮ್ಮಗಳಿಗೆ ಸ್ವೆಟರ್ ಕಳಿಸಲು ಬಂದು, 'ಒಳಗಿರುವ ವಸ್ತು' ಎಂಬಲ್ಲಿ 'ಪ್ರೀತಿಯಿಂದ ಹೆಣೆದದ್ದು' ಎಂದು ಬರೆದಿದ್ದಕ್ಕೆ, "ಅಮ್ಮಾ, ವಸ್ತು ಏನು ಅಂತ ಸ್ಪಷ್ಟವಾಗಿ ಬರ್ಕೊಂಡು ಬಾ" ಎಂದು ಕಿಟಕಿಯಿಂದಲೇ ವಾಪಸು ಕಳಿಸಿದ ಮಹಾನುಭಾವರು.

ಕಾಗದದ ವಿಷಯದಲ್ಲಿ ಎಷ್ಟು ಬಿಗಿಯೋ ಬಾಯಿ ಮಾತಿನಲ್ಲಿ ಅಷ್ಟೇ ಧಾರಾಳಿ. ಎದುರಿಗೆ ಈಜುಗಾರ ಸಿಕ್ಕಿದರೆ ಇವರು ಹೊಳೆ ದಾಟಿರುತ್ತಾರೆ. ಬೇಟೆಗಾರ ಸಿಕ್ಕಿದರೆ ಹುಲಿಯ ಮೀಸೆ ಎಣಿಸಿ ಬಂದಿರುತ್ತಾರೆ. ಮೋಸ ಮಾಡುವ ಬುದ್ಧಿ ಎಳ್ಳಷ್ಟೂ ಇಲ್ಲ. ಮಾತಾಡುತ್ತಿರುವವರಿಗೆ ತಾವೊಬ್ಬರೇ ಅನ್ನಿಸಬಾರದು ಎಂಬ ಸೌಜನ್ಯ, ಅಷ್ಟೆ.

ಅವರ ಒಬ್ಬಳೇ ಮಗಳು ದೂರದೇಶದ ಆಸ್ಪತ್ರೆಯಲ್ಲಿ ನರ್ಸು. ಅಲ್ಲೇ ಒಬ್ಬ ಹುಡುಗನನ್ನು ಮೆಚ್ಚಿಕೊಂಡಿದ್ದಳು. ಹುಡುಗನ ತಂದೆ ನಮ್ಮ ಕಡೆಯವರೇ, ಆ ದೇಶಕ್ಕೆ ಹೋಗಿ ನೆಲೆಸಿ ಮೂವತ್ತು ವರ್ಷ ಆಗಿದೆ. ಭಾವೀ ಬೀಗರು ಮೊದಲ ಸಲ ಫೋನು ಮಾಡಿದಾಗ ಆ ಮಾತು ಈ ಮಾತು ಆಡುತ್ತಾ, "ನನಗೆ ಸೈಕಲ್ ಅಂದ್ರೆ ಪ್ರಾಣ. ನಿಮಗೆ ಅಭ್ಯಾಸ ಇದೆಯಾ?" ಎಂದು ಕೇಳಿದರು.

"ಸೈಕಲ್ಲಾ! ಅದನ್ನ ತುಳೀದಿದ್ರೆ ನನಗೆ ಊಟವೇ ಸೇರಲ್ಲ ಬೀಗರೇ" ಎಂದರು ಬಾವ. ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದ ಅಕ್ಕ ಮಡಿಸುವುದನ್ನು ನಿಲ್ಲಿಸಿದಳು.

"ಹಾಗಾದ್ರೆ ನಮ್ಮನೆ ಪದ್ಧತಿಯಂತೆ ಬನ್ನಿ. ವಿಮಾನ ಇಳಿಯೋ ಊರಲ್ಲಿ ಒಂದು ಅಂಗಡೀಲಿ ನನ್ನ ಹಳೇ ಸೈಕಲ್ ಇಟ್ಟಿದೀನಿ, ಬರೋ ಅತಿಥಿಗಳಿಗೆ ಅಂತಲೇ. ನದಿ ಪಕ್ಕದ ದಾರಿ, ತೊಂಬತ್ತು ಕಿಲೋಮೀಟರು. ಆರಾಮಾಗಿ ಎರಡು ದಿನ ತಗೊಳ್ಳಿ. ಮನೆಯವರು ಸಾಮಾನು ಹಿಡ್ಕೊಂಡು ಬಸ್ಸಲ್ಲೋ ರೈಲಲ್ಲೋ ಬರ್ಲಿ."

"ಎರಡು ದಿನ ಯಾಕೆ?" ಎಂದರು ಬಾವ. ಅಕ್ಕ ಮಡಿಸಿದ ಬಟ್ಟೆಯನ್ನು ಅವರ ಮೇಲೆ ಎಸೆದಳು.

ಮರುದಿನ ಮಗಳ ಫೋನು. ಅಳುವುದೊಂದೇ ಬಾಕಿ. "ಅಪ್ಪಾ, ನೀನು ಯಾವ ಕಾಲದಲ್ಲಿ ಸೈಕಲ್ ಹೊಡೆದೆ? ಅವರು ಏನು ಬೇಕಾದ್ರೂ ಕ್ಷಮಿಸ್ತಾರೆ, ಸುಳ್ಳು ಒಂದನ್ನ ಬಿಟ್ಟು. ಅಂಗಡೀಲಿ ಕೊಂಡ ಮೀನನ್ನ ಗಾಳ ಹಾಕಿ ಹಿಡಿದೆ ಅಂದಿದ್ದಕ್ಕೆ ಸ್ವಂತ ತಮ್ಮನ ಜೊತೆ ಒಂಬತ್ತು ವರ್ಷದಿಂದ ಮಾತು ಬಿಟ್ಟಿದಾರೆ. ನಿಮ್ಮಪ್ಪನ್ನ ನೋಡಿ, ಎಂಥವರು ಅಂತ ತಿಳ್ಕೊಂಡ ಮೇಲೆ ಮದುವೆ ದಿನ ಗೊತ್ತು ಮಾಡೋಣ ಅಂದಿದಾರೆ. ಈಗ್ಲೇ ಫೋನ್ ಮಾಡಿ ಬರಲ್ಲ ಅಂತ ಹೇಳಿಬಿಡು."

"ಈಗ ಬರಲ್ಲ ಅಂದ್ರೆ ನಿನ್ನೆ ಹೇಳಿದ್ದು ಸುಳ್ಳು ಅಂತಾಗತ್ತಲ್ಲಮ್ಮಾ" ಎಂದರು ಬಾವ. "ನೀನು ಚಿಂತೆ ಮಾಡಬೇಡ. ನಾವು ಬಸ್ಸಲ್ಲಿ ಬರ್ತೀವಿ, ಸೈಕಲ್ಲೂ ಬಸ್ಸಲ್ಲೇ ಬರತ್ತೆ. ನಾನೇನು ಪಾರ್ಸೆಲ್ ಕಾಣದವನಾ?"

ಹೀಗೆ ನಾವು ಹೊರಟೆವು. ಆ ದೇಶದ ಭಾಷೆ ನನಗೆ ಅಲ್ಪಸ್ವಲ್ಪ ಬರುತ್ತದೆ ಎಂಬ ಕಾರಣಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ನನಗೆ ಬರುತ್ತಿದ್ದುದು ಅಲ್ಪ, ಸ್ವಲ್ಪವನ್ನು ನಾನೇ ಸೇರಿಸಿ ಹೇಳಿದ್ದೆ. ಬಾವನ ಜೊತೆ ಇಪ್ಪತ್ತೈದು ವರ್ಷ ಒಡನಾಡಿದವನಿಗೆ ಇಷ್ಟಾದರೂ ಅಂಟದಿರುತ್ತದೆಯೇ?

ಅಂಗಡಿಯವನು ಸೈಕಲ್ಲನ್ನು ಹೊರಗೆ ತಂದು ನಿಲ್ಲಿಸಿದ. ಎತ್ತರದ, ಕಪ್ಪು ಬಣ್ಣದ, ತಿಕ್ಕಿ ತಿಕ್ಕಿ ಕನ್ನಡಿಯಂತೆ ಮಾಡಿದ ಸೈಕಲ್ಲು. ಅದರ ಸೀಟು ಬಾವನ ಎದೆಯ ಮಟ್ಟಕ್ಕೆ ಬರುತ್ತಿತ್ತು. ಅಂಗಡಿಯವನು ಒಂದು ನಕ್ಷೆಯನ್ನೂ ಕೊಡಲು ಬಂದ.

"ನಕ್ಷೆ ಬೇಡ ಅಂತ ಹೇಳು. ಗಾಳಿ ಬೀಸೋದರ ಮೇಲೇ ನನಗೆ ದಾರಿ ತಿಳಿಯತ್ತೆ ಅಂತ ಹೇಳು."

ನಾನು "ಬೇಡವಂತೆ" ಎಂದಷ್ಟೇ ಹೇಳಿದೆ. ಅಂಗಡಿಯವನು ಬಾಗಿಲಲ್ಲಿ ನಿಂತು, ಇವರು ಹತ್ತುವುದನ್ನು ನೋಡಲು ಕಾದ. ಬಾವ ಒಮ್ಮೆ ಸೀಟನ್ನು ನೋಡಿದರು, ಒಮ್ಮೆ ಆಕಾಶವನ್ನು. "ಊರ ಗಡಿ ದಾಟೋವರೆಗೆ ಸೈಕಲ್ಲನ್ನ ನಡೆಸಿಕೊಂಡೇ ಹೋಗೋದು ನಮ್ಮಲ್ಲಿ ಸೈಕಲ್ಲಿಗೆ ಕೊಡೋ ಮರ್ಯಾದೆ ಅಂತ ಹೇಳು." ಇದನ್ನು ನಾನು ಅಕ್ಷರಶಃ ಹೇಳಿದೆ. ಅಂಗಡಿಯವನಿಗೆ ಮನಸ್ಸು ತುಂಬಿ ಬಂದು ಟೋಪಿ ತೆಗೆದ. ನಾವು ಮೂಲೆ ತಿರುಗಿ ಸೀದಾ ಬಸ್ ನಿಲ್ದಾಣಕ್ಕೆ ಬಂದೆವು.

ಬಸ್ಸಿನ ಡ್ರೈವರು ಗುಂಡಗಿನ, ನಗುಮುಖದ ಮನುಷ್ಯ. ಅವನೇ ಕಂಡಕ್ಟರೂ ಹೌದು. ಸೈಕಲ್ಲು ನೋಡಿದವನೇ ಬಸ್ಸಿನ ಹೊಟ್ಟೆಯ ಬಾಗಿಲು ಎತ್ತಿ, "ಹಾಕಿಬಿಡಿ, ಜಾಗ ಬೇಕಾದಷ್ಟಿದೆ" ಎಂದ. ಇಷ್ಟು ಸಲೀಸಾಗಿ ಕೆಲಸ ಆಯಿತಲ್ಲ ಎಂದು ನಾನು ಸೈಕಲ್ಲನ್ನು ಎತ್ತಿಯೇಬಿಟ್ಟಿದ್ದೆ.

"ತಡಿ. ರಸೀದಿ?" ಎಂದರು ಬಾವ.

"ಬಾವಾ, ಸುಮ್ನೆ ಹಾಕಿ ಅಂತಿದಾನೆ."

"ರಸೀದಿ ಇಲ್ಲದ ಪಾರ್ಸೆಲ್ಲಿಗೆ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ ಕಣಯ್ಯಾ. ಮೂವತ್ತೊಂದು ವರ್ಷ ನೋಡಿದೀನಿ. ಕೇಳು."

"ರೀ, ಸುಮ್ನೆ ಬಂದು ಕೂತ್ಕೊಳ್ರೀ" ಎಂದು ಅಕ್ಕ ಹೇಳಿದಳು. "ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಬೇಡಿ."

ಬಾವ ಕದಲಲಿಲ್ಲ. ನಾನು ಕೇಳಿದೆ. ಡ್ರೈವರು ತಲೆ ಕೆರೆದುಕೊಂಡ. ಇದುವರೆಗೆ ಯಾರೂ ಕೇಳಿರಲಿಲ್ಲವಂತೆ. ಸೀಟಿನ ಕೆಳಗಿನಿಂದ ನಿಯಮದ ಪುಸ್ತಕ ತೆಗೆದು ಧೂಳು ಊದಿ, ಬೆರಳಿಟ್ಟು ಓದಿದ. ಓದುತ್ತಾ ಓದುತ್ತಾ ಅವನ ಮುಖದ ನಗು ಒಂದೊಂದೇ ಸಾಲಿಗೆ ಇಳಿಯಿತು. ಸೈಕಲ್ಲನ್ನು ಹಾಗೆಯೇ ಹಾಕುವಂತಿಲ್ಲ. ಮುಂದಿನ ಚಕ್ರ ಬಿಚ್ಚಬೇಕು, ಹ್ಯಾಂಡಲ್ ತಿರುಗಿಸಬೇಕು, ಪೂರ್ತಿ ಬಟ್ಟೆಯಲ್ಲಿ ಸುತ್ತಬೇಕು.

"ನೀವು ಕೇಳದೇ ಇದ್ದಿದ್ರೆ ನನಗೂ ಗೊತ್ತಾಗ್ತಿರಲಿಲ್ಲ" ಎಂದ, ಬಹಳ ದುಃಖದಿಂದ.

ಇದನ್ನು ತಿಳಿಸಿದಾಗ ಬಾವನಿಗಾದ ಆನಂದವನ್ನು ವರ್ಣಿಸಲು ಸಾಧ್ಯವಿಲ್ಲ. "ನೋಡಿದ್ಯಾ? ದೇಶ ಅಂದ್ರೆ ಇದಪ್ಪಾ! ನಿಯಮ ಇದೆ, ಅದೂ ಅಚ್ಚು ಹಾಕಿಸಿದಾರೆ!" ಎಂದು ಡ್ರೈವರನ ಕೈ ಕುಲುಕಿದರು. ಡ್ರೈವರು ಬಹುಶಃ ಜೀವನದಲ್ಲಿ ಮೊದಲ ಸಲ, ತೊಂದರೆ ಕೊಟ್ಟಿದ್ದಕ್ಕೆ ಅಭಿನಂದನೆ ಪಡೆದ.

ಚಕ್ರ ಬಿಚ್ಚಲು ಪ್ರಯಾಣಿಕರೆಲ್ಲ ಇಳಿದು ಬಂದರು. ಒಬ್ಬ ತೋಟದ ಮಾಲಿ, ಒಬ್ಬ ಹಲ್ಲಿನ ಡಾಕ್ಟರು, ಕೋಳಿಬುಟ್ಟಿ ಹಿಡಿದಿದ್ದ ಒಬ್ಬ ಅಜ್ಜಿ. ಸ್ಪ್ಯಾನರ್ ಇದ್ದುದು ಅಜ್ಜಿಯ ಹತ್ತಿರ. ಸುತ್ತಲು ಬಟ್ಟೆ ಬೇಕೆಂದಾಗ, ಬೀಗಿತ್ತಿಗೆಂದು ಅಕ್ಕ ತಂದಿದ್ದ ಕಸೂತಿಯ ಬೆಡ್‌ಶೀಟು ಹೊರಗೆ ಬಂತು. ಚೈನಿನ ಗ್ರೀಸು ಅದರ ಮೇಲೆ ಹೊಸದೊಂದು ಕಸೂತಿ ಹಾಕಿತು. ಅಕ್ಕ ಅದರ ತುದಿಗಳನ್ನು ಸೈಕಲ್ಲಿನ ಕತ್ತು ಹಿಸುಕುವಂತೆ ಬಿಗಿದು ಗಂಟು ಹಾಕಿದಳು.

ಕೊನೆಗೆ ಡ್ರೈವರು ಒಂದು ರಸೀದಿ ಬರೆದುಕೊಟ್ಟ. ಬಾವ ಇನ್ನೆರಡು ಪ್ರತಿ ಕೇಳಿ ಪಡೆದರು. ಬಸ್ಸು ನಲವತ್ತು ನಿಮಿಷ ತಡವಾಗಿ ಹೊರಟಿತು. ಇಳಿಯುವ ಊರಲ್ಲಿ ಅದೇ ಜನ ಚಕ್ರ ಮತ್ತೆ ಜೋಡಿಸಿಕೊಟ್ಟರು. ಒಂದು ದೊಡ್ಡ ನಟ್ಟು ಉಳಿಯಿತು. ಎಲ್ಲಿ ಕೂರಿಸಿದರೂ ಅದು ಸೈಕಲ್ಲಿಗೆ ಸೇರಲಿಲ್ಲ. "ಬಸ್ಸಿನದೇ ಇರಬೇಕು" ಎಂದು ಅಕ್ಕ ಹೇಳುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು.

ಸೈಕಲ್ಲಿಗೆ ಎರಡು ದಿನವಾದರೂ ಬೇಕಲ್ಲ ಎಂದು ಆ ರಾತ್ರಿ ಒಂದು ವಸತಿಗೃಹದಲ್ಲಿ ಮಲಗಿ ಬೆಳಗ್ಗೆ ರೈಲು ಹಿಡಿದೆವು. ರೈಲಿನಲ್ಲಿ ಸೈಕಲ್ಲಿಗೆ ಬೇರೆ ಟಿಕೆಟು, ಬೇರೆ ಕೊಕ್ಕೆ, ಬೇರೆ ಬೋಗಿ. ಸೈಕಲ್ಲನ್ನು ಕಡೇ ಬೋಗಿಯಲ್ಲಿ ನೇತುಹಾಕಿ ನಾವು ಮುಂದಿನ ಬೋಗಿಯಲ್ಲಿ ಮೆತ್ತನೆಯ ಸೀಟಿನಲ್ಲಿ ಕೂರಬೇಕೆಂದು ಗಾರ್ಡು ವಿನಯದಿಂದ ಹೇಳಿದ.

"ಜೊತೆಗೆ ಯಾರೂ ಇಲ್ಲದೆ ಹೋದ ಪಾರ್ಸೆಲ್ಲು ಎಲ್ಲಿಗೆ ಹೋಗತ್ತೆ ಅಂತ ನನ್ನನ್ನ ಕೇಳು" ಎಂದು ಬಾವ ಕಡೇ ಬೋಗಿಯಲ್ಲೇ ನಿಂತರು. ಅಕ್ಕ ಮುಂದೆ ಹೋಗಿ ಕಿಟಕಿ ಪಕ್ಕ ಕಾಲು ಚಾಚಿ ಕೂತಳು. ದುಭಾಷಿಯ ಹಣೆಬರಹ, ನಾನು ಬಾವನ ಜೊತೆ ನಿಂತೆ. ಒಂದು ಕೈಯಲ್ಲಿ ರೈಲಿನ ಕಂಬಿ, ಇನ್ನೊಂದು ಕೈಯಲ್ಲಿ ಸೈಕಲ್ಲಿನ ಹಿಂದಿನ ಚಕ್ರ. ರೈಲು ಓಲಾಡಿದಾಗಲೆಲ್ಲ ಬಾವ "ಏನಿಲ್ಲ, ಏನಿಲ್ಲ" ಎಂದು ಅದನ್ನು ತಟ್ಟುತ್ತಿದ್ದರು.

ಮೂರನೆಯ ಸ್ಟೇಷನ್ನಿನಲ್ಲಿ ಐದು ಜನ ನಿಜವಾದ ಸೈಕಲ್ ಸವಾರರು ಹತ್ತಿದರು. ಮೈಗೆ ಅಂಟಿದ ಬಟ್ಟೆ, ತಲೆಗೆ ಹೆಲ್ಮೆಟ್ಟು, ಗರಿಯಷ್ಟು ಹಗುರದ ಸೈಕಲ್ಲುಗಳು. ಅವರ ಮುಂದಾಳು ಬೆಳ್ಳಿಕೂದಲಿನ ಒಬ್ಬ ಹೆಂಗಸು. ಬೀಗರ ಸೈಕಲ್ಲನ್ನು ನೋಡಿ ಆಕೆ ನಿಂತೇಬಿಟ್ಟಳು. ಇಂಥದ್ದು ಈಗ ಎಲ್ಲಿಯೂ ಸಿಗುವುದಿಲ್ಲವಂತೆ. ಅದನ್ನು ಅಪ್ಪಿಕೊಂಡು ನಿಂತಿದ್ದ ಬಾವನನ್ನು ನೋಡಿದಾಗಲಂತೂ ಐವರ ಕಣ್ಣಲ್ಲೂ ಭಕ್ತಿ.

"ಎಷ್ಟು ವರ್ಷದಿಂದ ಸವಾರಿ?" ಎಂದು ಕೇಳಿದಳು.

"ಮೂವತ್ತೊಂದು" ಎಂದರು ಬಾವ.

"ಬೆಟ್ಟದ ದಾರಿ?"

"ಬೆಟ್ಟ ಇಲ್ಲದಿದ್ರೆ ನಾನು ಸೈಕಲ್ಲನ್ನ ಮುಟ್ಟೋದೇ ಇಲ್ಲ ಅಂತ ಹೇಳು."

ಇಲ್ಲಿ ನಾನು ತರ್ಜುಮೆಯನ್ನು ಸ್ವಲ್ಪ ತೆಳುಮಾಡಬೇಕಿತ್ತು. ಮಾಡಲಿಲ್ಲ, ನನಗೂ ಹುರುಪು ಬಂದಿತ್ತು. ಐವರೂ ತಮ್ಮೊಳಗೆ ಗುಸುಗುಸು ಮಾತಾಡಿಕೊಂಡರು. ಆಮೇಲೆ ಇಬ್ಬರು ಮುಂದೆ ಬಂದು ಬಾವನ ಸೈಕಲ್ಲನ್ನು ಕೊಕ್ಕೆಯಿಂದ ಇಳಿಸತೊಡಗಿದರು. ಮುಂದಿನ ಸ್ಟೇಷನ್ನಿನಲ್ಲಿ ತಾವು ಇಳಿಯುವುದಾಗಿಯೂ, ಅಲ್ಲಿಂದ ನಾವು ಹೋಗುವ ಊರಿಗೆ ಬೆಟ್ಟದ ಮೇಲಿಂದ ಮೂವತ್ತು ಕಿಲೋಮೀಟರೆಂದೂ, ಇಂಥ ಹಿರಿಯರ ಹಿಂದೆ ಸೈಕಲ್ ತುಳಿಯುವುದು ತಮ್ಮ ಭಾಗ್ಯವೆಂದೂ ಮುಂದಾಳು ತಿಳಿಸಿದಳು.

ಬಾವನ ಮುಖ ಸುಣ್ಣ ಬಳಿದಂತಾಯಿತು. "ಮಂಡಿ ನೋವು ಅಂತ ಹೇಳು. ಬೇಗ ಹೇಳು."

ಹೇಳಿದೆ. ಮುಂದಾಳು ಮೂಳೆ ಡಾಕ್ಟರು. ಇದು ನಮ್ಮ ಜಾತಕದಲ್ಲಿಯೇ ಬರೆದಿತ್ತು ಎಂದು ಕಾಣುತ್ತದೆ. ಬಾವನನ್ನು ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕೂರಿಸಿ, ಪ್ಯಾಂಟು ಮೇಲೆ ಮಡಿಸಿ ಮಂಡಿ ಒತ್ತಿದಳು. ಬಾವನಿಗೆ ಮಂಡಿಯ ಹಿಂದೆ ವಿಪರೀತ ಕಚಗುಳಿ. ಒತ್ತಿದಂತೆಲ್ಲ ಕಿಸಕ್ಕನೆ ನಕ್ಕರು. ಇಷ್ಟು ನೋವಿನಲ್ಲೂ ನಗುವವರನ್ನು ತನ್ನ ವೃತ್ತಿಜೀವನದಲ್ಲೇ ನೋಡಿಲ್ಲ ಎಂದು ಆಕೆ ಹನಿಗಣ್ಣಾದಳು. ತನ್ನ ಚೀಲದಿಂದ ಪಟ್ಟಿ ತೆಗೆದು, ತೊಡೆಯಿಂದ ಮೀನಖಂಡದವರೆಗೆ ಸುತ್ತಿ, ಕಾಲು ಮಡಿಸಲೇಬಾರದು ಎಂದು ಕಟ್ಟಪ್ಪಣೆ ಮಾಡಿ ಇಳಿದುಹೋದಳು.

ಬೀಗರ ಊರಲ್ಲಿ ಇಳಿದಾಗ ನಮ್ಮದೊಂದು ಯೋಜನೆ ಇತ್ತು. ನಾನೂ ಅಕ್ಕನೂ ಸಾಮಾನಿನೊಂದಿಗೆ ಮೊದಲು ಹೋಗುವುದು, ಹತ್ತು ನಿಮಿಷ ಬಿಟ್ಟು ಬಾವ ಸೈಕಲ್ಲಿನೊಂದಿಗೆ 'ಬಂದು ತಲುಪುವುದು.' ಹಾಗೇ ಆಯಿತು. ಬೀಗರ ಮನೆ ಗೇಟಿನಲ್ಲಿ ಅಕ್ಕಪಕ್ಕದ ಮನೆಯವರೆಲ್ಲ ಸೇರಿದ್ದರು. ಬೀಗರು ಉದ್ದಕ್ಕೆ, ತೆಳ್ಳಗೆ, ಅವರ ಸೈಕಲ್ಲಿನ ಹಾಗೇ ನೆಟ್ಟಗೆ ನಿಂತಿದ್ದರು. ನಮ್ಮ ಹುಡುಗಿ ಮಾತ್ರ ಉಗುರು ಕಚ್ಚುತ್ತಾ ನನ್ನ ಪಕ್ಕಕ್ಕೆ ಬಂದು, "ಮಾಮಾ, ಏನಾಗತ್ತೋ" ಎಂದಳು. ಅವಳ ಕೈ ತಣ್ಣಗಿತ್ತು.

ಅಷ್ಟರಲ್ಲಿ ಮೂಲೆಯಲ್ಲಿ ಬಾವ ಕಾಣಿಸಿಕೊಂಡರು. ಕೋಲಿನಂತೆ ಬಿಗಿದ ಕಾಲು, ಬಿಳಿ ಪಟ್ಟಿ, ಬೆವರು, ಕುಂಟುತ್ತಾ ಸೈಕಲ್ಲು ತಳ್ಳುತ್ತಿದ್ದಾರೆ. ಜನ ಚಪ್ಪಾಳೆ ತಟ್ಟಿದರು. ಮಗಳು ಓಡಿಹೋಗಿ ತಬ್ಬಿಕೊಂಡಳು.

"ಅಪ್ಪಾ! ನಿಜವಾಗ್ಲೂ ಹತ್ತಿಬಿಟ್ಯಾ?" ಎಂದು ಪಿಸುಗುಟ್ಟಿದಳು.

"ಇಲ್ಲಮ್ಮಾ. ಇದು ರೈಲಲ್ಲಿ ಆಗಿದ್ದು."

"ಎಲ್ಲಿ ಬಿದ್ರಿ ಬೀಗರೇ?" ಎಂದು ಬೀಗರು ಗಾಬರಿಯಿಂದ ಬಂದರು. ಜನ ಸುತ್ತ ಮುತ್ತಿದರು. ಇಷ್ಟು ಕಣ್ಣುಗಳು ತಮ್ಮನ್ನೇ ನೋಡುತ್ತಿರುವಾಗ ಬಾವನ ಬಾಯಿ ಸುಮ್ಮನಿರುವ ಜಾತಿಯದಲ್ಲ.

"ಬಿದ್ದೆ ಅನ್ನೋಕಾಗಲ್ಲ. ಇಳಿಜಾರಲ್ಲಿ ಒಂದು ಮೊಲ ಅಡ್ಡ ಬಂತು. ಅದನ್ನ ಉಳಿಸಿದೆ."

"ಅಯ್ಯೋ ಪಾಪ" ಎಂದಳು ಬೀಗಿತ್ತಿ. ನಾನು ತರ್ಜುಮೆ ಮಾಡುತ್ತಿದ್ದಂತೆ ಪಕ್ಕದ ಮನೆಯ ಮುದುಕರೊಬ್ಬರು ಮೊಲದ ಬಣ್ಣ ಯಾವುದೆಂದು ಕೇಳಿದರು. ಬೂದು ಎಂದಾಯಿತು.

"ಹಳೇ ಮರದ ಸೇತುವೆ ಹೇಗನ್ನಿಸ್ತು?" ಎಂದು ಬೀಗರು ಕೇಳಿದರು.

"ಆಹಾ, ಸೇತುವೆ! ಅದರ ಮೇಲೆ ನಿಂತು ಹತ್ತು ನಿಮಿಷ ನೀರು ನೋಡಿದೆ ಬೀಗರೇ. ಹೊರಡೋಕೆ ಮನಸ್ಸೇ ಬರಲಿಲ್ಲ."

ಬೀಗರ ಮುಖ ಸ್ವಲ್ಪ ಸೋತಂತೆ ಕಂಡಿತು. ಒಳಗೆ ಹೋಗಿ ದಪ್ಪ ರಟ್ಟಿನ ಒಂದು ಪುಸ್ತಕ ತಂದು ಬಾವನ ಮುಂದಿಟ್ಟು ಬಿಡಿಸಿದರು. "ಈ ಸೈಕಲ್ಲಲ್ಲಿ ಬಂದವರೆಲ್ಲ ಇದರಲ್ಲಿ ಬರೀತಾರೆ. ನೀವೂ ಬರೀರಿ."

ನಾನು ಇಣುಕಿ ನೋಡಿದೆ. ಗೀಟು ಹಾಕಿದ ಹಾಳೆ. ದಿನಾಂಕ, ಎಲ್ಲಿಂದ, ಎಲ್ಲಿಗೆ, ತುಳಿದ ದೂರ, ಷರಾ, ರುಜು. ತಲೆಯ ಮೇಲೆ ದುಂಡಗಿನ ಅಕ್ಷರದಲ್ಲಿ 'ಕೆಳಗಿನ ವಿವರಗಳು ನಿಜವೆಂದು ದೃಢೀಕರಿಸುತ್ತೇನೆ.'

ಬಾವ ಜೇಬಿನಿಂದ ಪೆನ್ನು ತೆಗೆದರು. ದಿನಾಂಕ ಬರೆದರು. ಎಲ್ಲಿಂದ, ಎಲ್ಲಿಗೆ ಬರೆದರು. 'ತುಳಿದ ದೂರ'ದ ಹತ್ತಿರ ಬಂದು ಪೆನ್ನು ನಿಂತಿತು. ಮೇಲಿನ ಸಾಲುಗಳಲ್ಲೆಲ್ಲ ತೊಂಬತ್ತು, ತೊಂಬತ್ತು, ತೊಂಬತ್ತು. ಇನ್ನೊಂದು ತೊಂಬತ್ತು ಬರೆಯುವುದು ಯಾವ ಮಹಾ ಕೆಲಸ? ಅಕ್ಕ ಕಣ್ಣಲ್ಲೇ 'ಬರೀರಿ' ಅಂದಳು. ನಾನು ಕೆಮ್ಮಿದೆ. ಬಾವ ಮಗಳ ಕಡೆ ನೋಡಿದರು. ಅವಳು ತುಟಿ ಕಚ್ಚಿಕೊಂಡು ನಿಂತಿದ್ದಳು. ಒಂದು ಕಡೆ ಮಗಳು, ಇನ್ನೊಂದು ಕಡೆ ಗೀಟು ಹಾಕಿದ ಹಾಳೆ. ಸಾಲದ್ದಕ್ಕೆ ಕೆಳಗೆ ರುಜು ಬೇರೆ ಹಾಕಬೇಕು.

"ಕ್ಷಮಿಸು ಮಗಳೇ" ಎಂದರು ಬಾವ, ಗಟ್ಟಿಯಾಗಿಯೇ. ಆಮೇಲೆ ಬರೆದರು. ಬರೆದು, ಎರಡು ಸಲ ಓದಿ, ರುಜು ಹಾಕಿ, ಜೇಬಿನಿಂದ ಬಸ್ಸಿನ ರಸೀದಿಯ ಮೂರು ಪ್ರತಿಗಳನ್ನೂ ರೈಲಿನ ಟಿಕೆಟ್ಟನ್ನೂ ತೆಗೆದು ಹಾಳೆಗೆ ಸಿಕ್ಕಿಸಿ ಪುಸ್ತಕವನ್ನು ಬೀಗರ ಕಡೆ ತಿರುಗಿಸಿದರು.

ಬೀಗರು ಎರಡೂ ಭಾಷೆಯಲ್ಲಿ, ಎಲ್ಲರಿಗೂ ಕೇಳುವಂತೆ ಓದಿದರು. "ತುಳಿದ ದೂರ, ಸೊನ್ನೆ. ಷರಾ, ಬಸ್ಸು ಮತ್ತು ರೈಲಿನಲ್ಲಿ ಬಂದಿದ್ದು. ಕೊನೆಯ ಅರ್ಧ ಕಿಲೋಮೀಟರು ತಳ್ಳಿದ್ದು. ಸೈಕಲ್ ಹೊಡೆಯಲು ಬರುವುದಿಲ್ಲ, ಹಿಂದೆಯೂ ಬರುತ್ತಿರಲಿಲ್ಲ. ಮಂಡಿ ಸರಿಯಾಗಿದೆ. ಮೊಲ ಇರಲಿಲ್ಲ."

ಮೊಲದ ಬಣ್ಣ ಕೇಳಿದ ಮುದುಕರಿಗೆ ಬಹಳ ನಿರಾಶೆಯಾದಂತಿತ್ತು. ಬಾವ ತಲೆ ತಗ್ಗಿಸಿ ಹೇಳಿದರು: "ಸುಳ್ಳು ಹೇಳಿದ್ದು ನಾನು ಬೀಗರೇ. ಮಗು ಬೇಡ ಅಂದಿತ್ತು. ಅವಳು ನನ್ನ ಥರ ಅಲ್ಲ, ಅವರಮ್ಮನ ಥರ. ಅದೊಂದನ್ನ ಬೇಕಾದ್ರೆ ಬರ್ಕೊಡ್ತೀನಿ."

ಬೀಗರು ಪುಸ್ತಕವನ್ನು ಮಡಚಲಿಲ್ಲ. ಆ ಹಾಳೆಯ ಮೇಲೆಯೇ ಕೈ ಇಟ್ಟುಕೊಂಡರು. "ಆ ಮರದ ಸೇತುವೆ ನೀರಲ್ಲಿ ಕೊಚ್ಚಿಕೊಂಡು ಹೋಗಿ ಹನ್ನೊಂದು ತಿಂಗಳಾಯ್ತು" ಎಂದರು. "ಈ ಹನ್ನೊಂದು ತಿಂಗಳಲ್ಲಿ ನಾಲ್ಕು ಜನ ಬಂದ್ರು. ಸುತ್ತು ದಾರಿ ನಕ್ಷೆ ಅಂಗಡೀಲಿ ಇಟ್ಟಿದೀನಿ, ಒಬ್ಬರೂ ತಗೊಂಡಿಲ್ಲ. ನಾಲ್ಕೂ ಜನ ಸೇತುವೆ ಮೇಲೆ ನಿಂತು ನೀರು ನೋಡಿದ್ರಂತೆ. ನಾಲ್ಕೂ ಜನ ತೊಂಬತ್ತು ಅಂತ ಬರೆದು ರುಜು ಹಾಕಿದ್ರು. ಈಗ ನೀವೂ ನೀರು ನೋಡಿದೆ ಅಂದಾಗ ನನಗೆ ಇನ್ನು ಸಾಕು ಅನ್ನಿಸಿಬಿಡ್ತು." ಬಾವ ಬರೆದ ಸಾಲಿನ ಮೇಲೆ ಬೆರಳಿಟ್ಟರು. "ಬಾಯಲ್ಲಿ ಎಲ್ಲರೂ ಆ ಸೇತುವೆ ದಾಟಿದ್ರು ಬೀಗರೇ. ರುಜು ಹಾಕೋ ಕೈಯಲ್ಲಿ ದಾಟದೇ ಇದ್ದವರು ನೀವೊಬ್ಬರೇ."

ಮಗಳು ಅತ್ತೇಬಿಟ್ಟಳು. ಅಕ್ಕನೂ ಕಣ್ಣೊರೆಸಿಕೊಂಡಳು, ಒರೆಸಿಕೊಂಡಿದ್ದು ಗ್ರೀಸಿನ ಬೆಡ್‌ಶೀಟಿನಲ್ಲಿ ಎಂದು ಆಮೇಲೆ ಗೊತ್ತಾಯಿತು. ಮೂಗಿನ ಮೇಲೆ ಕಪ್ಪು ಪಟ್ಟೆಯೊಂದಿಗೇ ಅವಳು ಬೀಗಿತ್ತಿಯನ್ನು ಅಪ್ಪಿಕೊಂಡಳು. ಊಟದ ಮೇಜಿನ ಮೇಲೆ ಕ್ಯಾಲೆಂಡರು ಬಂತು. ಮದುವೆಯ ದಿನ ಗೊತ್ತಾಯಿತು. ಬಾವ ಅದನ್ನು ಮೂರು ಹಾಳೆಯ ಮೇಲೆ ಬರೆದು ಎಲ್ಲರಿಂದ ರುಜು ಹಾಕಿಸಿಕೊಂಡರು. ಯಾರೂ ಬೇಡ ಅನ್ನಲಿಲ್ಲ.

ಮರುದಿನ ಬೆಳಗ್ಗೆ ಬೀಗರು ಬಾವನ ಕಾಲಿನ ಪಟ್ಟಿ ಬಿಚ್ಚಿಸಿ, ಸೀಟನ್ನು ತೀರಾ ಕೆಳಗಿಳಿಸಿ, ಅವರನ್ನು ಸೈಕಲ್ಲಿನ ಮೇಲೆ ಕೂರಿಸಿದರು. ಅಕ್ಕಪಕ್ಕದವರು ಬೇಲಿಯ ಮೇಲೆ ಮೊಣಕೈ ಊರಿ ನಿಂತರು. ಬೀಗರು ಹಿಂದಿನಿಂದ ಹಿಡಿದು ತಳ್ಳಿದರು. ಬಾವ ಕಣ್ಣು ಮುಚ್ಚಿಕೊಂಡು ತುಳಿದರು. ಸೈಕಲ್ಲು ಅತ್ತ ವಾಲಿತು, ಇತ್ತ ವಾಲಿತು, ಹೂವಿನ ಪಾತಿಯ ಕಲ್ಲಿಗೆ ಬಡಿದು ಗಕ್ಕನೆ ನಿಂತಿತು. ಬಾವ ನಿಲ್ಲಲಿಲ್ಲ. ಹ್ಯಾಂಡಲಿನ ಮೇಲಿಂದ ಹಾರಿ ಪಾತಿಯ ನಡುವೆ ಹೋಗಿ ಬಿದ್ದರು.

ನಾವೆಲ್ಲ ಓಡಿದೆವು. ಬಾವ ಮಣ್ಣು ಕೊಡವಿಕೊಂಡು ಎದ್ದು ಕೂತು ಮೊದಲು ಕೇಳಿದ್ದೇ ಪುಸ್ತಕ. ಮಗಳು ತಂದಳು. ಬೀಗರು ಅಳತೆಯ ಟೇಪು ಹಿಡಿದು, ಹೊರಟಲ್ಲಿಂದ ಬಾವ ಕೂತಿದ್ದ ಜಾಗದವರೆಗೆ ಅಳೆದು, "ಹದಿನಾಲ್ಕು ಅಡಿ!" ಎಂದು ಸಂಭ್ರಮದಿಂದ ಕೂಗಿದರು.

"ಇಲ್ಲ ಬೀಗರೇ, ಹನ್ನೊಂದು ಅಂತ ಬರೀರಿ" ಎಂದರು ಬಾವ. "ಉಳಿದ ಮೂರು ಅಡಿ ನಾನೊಬ್ಬನೇ ಹೋಗಿದ್ದು."